ಸೊನ್ನೆ ಇಲ್ಲದ ಸಾಲು

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆದೆಪ್ಪ ಅಂಗಡಿಗೆ ಬಂದು, ಸಮಿತಿಯ ವೆಬ್‌ಸೈಟಿನಲ್ಲಿ ಸೊನ್ನೆ ಕಾಣಿಸುತ್ತಿಲ್ಲ ಎಂದರು.

ಭಾಗ್ಯಶ್ರೀ ಒಂದು ಶ್ರದ್ಧಾಂಜಲಿ ಫ್ಲೆಕ್ಸಿನ ಕೆಲಸದಲ್ಲಿದ್ದಳು. ಸತ್ತವರ ಹಳೆಯ ಫೋಟೋದಲ್ಲಿ ಕೊರಳು ಬೋಳಾಗಿತ್ತು, ಅದಕ್ಕೆ ಹಾರ ಹಾಕುತ್ತಿದ್ದಳು. ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಗೊಬ್ಬರದ ಅಂಗಡಿಗೂ ದಾವಲ್‌ಸಾಬನ ಪಂಕ್ಚರ್ ಅಂಗಡಿಗೂ ನಡುವಿನ ಮಳಿಗೆ ಅವಳದು. ಫ್ಲೆಕ್ಸು, ಮದುವೆ ಕಾರ್ಡು, ಶಾಲೆಗಳ ಮತ್ತು ಬೀಜದ ವ್ಯಾಪಾರಿಗಳ ವೆಬ್‌ಸೈಟು, ಎಲ್ಲವನ್ನೂ ಮಾಡುತ್ತಿದ್ದಳು. ಆದೆಪ್ಪ ಅವಳ ದೊಡ್ಡಪ್ಪ. ಬಜಾರಿನಲ್ಲಿ ಕಿರಾಣಿ ಹೋಲ್‌ಸೇಲ್ ವ್ಯಾಪಾರ, ಜೊತೆಗೆ ದಾಸೋಹ ಸಮಿತಿಯ ಕಾರ್ಯದರ್ಶಿ. ಏನಾದರೂ ಬೇಕಿದ್ದರೆ ಆಳಿನ ಕೈಲಿ ಹೇಳಿ ಕಳಿಸುವವರು, ಅಂದು ತಾವೇ ಬಂದಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಕುರ್ಚಿ ತೋರಿಸಿದರೆ ಕೂಡಲಿಲ್ಲ.

"ಎಲ್ಲಿ ಕಾಣವಲ್ದು ದೊಡ್ಡಪ್ಪ?"

"ರಕ್ತದ ಪುಟದಾಗ. ಲಿಂಗಸುಗೂರಿನ ಸಾಲು ನೋಡು. ಬಿ ನೆಗೆಟಿವ್ ಅಂತ ಐತಿ, ಮುಂದ ಏನೂ ಇಲ್ಲ. ಅಲ್ಲೆ ಸೊನ್ನಿ ಇರಬೇಕು."

"ಹುಸೇನ್‌ಬೀ ತುಂಬಿಲ್ಲೇನೋ."

"ತುಂಬ್ಯಾಳಂತ. ದಿನಾ ತುಂಬ್ತಾಳಂತ. ಈಗ ಕೇಳಿದೆ. ನೀ ಮೊದಲ ನೋಡು, ಆಮ್ಯಾಲ ಮಾತಾಡು."

ಸಮಿತಿ ಸಿಂಧನೂರಿನಲ್ಲಿ ಒಂದು ರಕ್ತ ಕೇಂದ್ರವನ್ನೂ ಲಿಂಗಸುಗೂರಿನಲ್ಲಿ ಒಂದು ಸಣ್ಣ ಶೇಖರಣಾ ಘಟಕವನ್ನೂ ನಡೆಸುತ್ತಿತ್ತು. ರಕ್ತದ ಗುಂಪು ಎಂಟು. ಪ್ರತಿ ಕೇಂದ್ರಕ್ಕೂ ಎಂಟು ಫೀಲ್ಡುಗಳನ್ನು, ಅಂದರೆ ತುಂಬುವ ಖಾನೆಗಳನ್ನು, ಭಾಗ್ಯಶ್ರೀಯೇ ಮಾಡಿಕೊಟ್ಟಿದ್ದಳು. ಸಿಂಧನೂರಿನಲ್ಲಿ ಅಂಬಿಕಾ, ಲಿಂಗಸುಗೂರಿನಲ್ಲಿ ಹುಸೇನ್‌ಬೀ ತಮ್ಮ ಫೋನಿನಿಂದಲೇ ಒಳಗೆ ಹೋಗಿ, ಪ್ರತಿ ಗುಂಪಿನ ಮುಂದೆ ಎಷ್ಟು ಬಾಟಲಿ ಇವೆ ಎಂದು ತುಂಬುತ್ತಾರೆ. ತುಂಬಿದ್ದನ್ನು ಹೊರಗಿನವರಿಗೆ ತೋರಿಸುವುದು ಟೆಂಪ್ಲೇಟಿನ ಕೆಲಸ. ಒಳಗೆ ಬರೆದದ್ದು ಹೊರಗೆ ಕಾಣದಿದ್ದರೆ ತಪ್ಪು ನಡುವೆ ಎಲ್ಲೋ ಇರುತ್ತದೆ.

ಅವಳು ಒಳಗೆ ಹೋಗಿ ನೋಡಿದಳು. ಲಿಂಗಸುಗೂರು, ಬಿ ನೆಗೆಟಿವ್, ಸೊನ್ನೆ. ಹುಸೇನ್‌ಬೀ ಬೆಳಿಗ್ಗೆಯೇ ತುಂಬಿದ್ದಳು. ಹೊರಗಿನ ಪುಟ ತೆರೆದಳು. ಸಂಖ್ಯೆ ಇರಲಿಲ್ಲ. ಹಳೆಯ ಪುಟವೇ ಉಳಿದುಕೊಂಡಿರಬಹುದೆಂದು, ಕೂಡಿಟ್ಟ ಪ್ರತಿಯಾದ ಕ್ಯಾಶ್ ಅಳಿಸಿ ಮತ್ತೆ ತೆರೆದಳು, ಬರಲಿಲ್ಲ. ಫೀಲ್ಡಿಗೆ ಒಳಗೆ ಕೊಟ್ಟ ಹೆಸರು ಟೆಂಪ್ಲೇಟಿನಲ್ಲಿ ಕರೆದ ಹೆಸರಿಗೆ ಹೊಂದದಿದ್ದರೂ ಹೀಗಾಗುತ್ತದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದಳು, ಹೊಂದುತ್ತಿದ್ದವು. ಅಲ್ಲದೆ ಅದೇ ಸಾಲಿನ ಓ ಪಾಸಿಟಿವ್ ಮುಂದೆ ಆರು ಎಂದು ಸರಿಯಾಗಿಯೇ ಬರುತ್ತಿತ್ತು. ಹಾಗಾದರೆ ಹೆಸರಿನ ತಪ್ಪಲ್ಲ.

"ಎಷ್ಟೊತ್ತು ಆಗತೈತಿ?"

"ನೋಡಾಕತ್ತೀನಿ ತಡೀರಿ."

ಅವಳು ಪುಟದ ನೆತ್ತಿಯಲ್ಲಿ, ತನಗೊಬ್ಬಳಿಗೇ ಕಾಣುವಂತೆ, ಆ ಫೀಲ್ಡಿನಲ್ಲಿದ್ದುದನ್ನು ಇದ್ದಂತೆಯೇ ಬರೆಸಿದಳು. ಸೊನ್ನೆ ಬಂತು. ಅಂದರೆ ಸೊನ್ನೆ ಟೆಂಪ್ಲೇಟಿನವರೆಗೆ ಬರುತ್ತಿದೆ, ಟೆಂಪ್ಲೇಟೇ ಅದನ್ನು ಹೊರಗೆ ಬಿಡುತ್ತಿಲ್ಲ. ಫೈಲು ತೆರೆದು ಸಾಲು ಸಾಲಾಗಿ ಇಳಿದಳು. ಅರವತ್ತು ಸಾಲುಗಳ ಕೆಳಗೆ ಅದು ಸಿಕ್ಕಿತು. ಫೀಲ್ಡಿನಲ್ಲಿ ಏನಾದರೂ ಇದ್ದರೆ ತೋರಿಸು, ಇಲ್ಲದಿದ್ದರೆ ಹೆಸರನ್ನಷ್ಟೇ ತೋರಿಸಿ ಸುಮ್ಮನಿರು ಎಂಬ ಸಾಲು. ಕಂಪ್ಯೂಟರು ಇಂಥ ಕಡೆ ಸೊನ್ನೆಯನ್ನೂ ಖಾಲಿ ಜಾಗವನ್ನೂ ಒಂದೇ ಎಂದು ಎಣಿಸುತ್ತದೆ. ಇದು ಕಲಿಯುವವರೂ ಬಲ್ಲ ವಿಷಯ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಬರೆದ ಸಾಲು ಅದು.

ಎರಡು ವರ್ಷದ ಹಿಂದೆ ಪುಟ ಮೊದಲ ಸಲ ತೋರಿಸಿದಾಗ ಲಿಂಗಸುಗೂರಿನ ಸಾಲಿನಲ್ಲಿ ನಾಲ್ಕು ಸೊನ್ನೆಗಳಿದ್ದವು. ಆದೆಪ್ಪ ಗಲ್ಲೆಯ ಮುಂದೆ ಕುಳಿತು ಅದನ್ನು ನೋಡಿ ಫೋನನ್ನು ಬೋರಲು ಹಾಕಿದ್ದರು. "ದಾಸೋಹದ ಹೆಸರಿನ ಕೆಳಗ ಸೊನ್ನಿ ಇಡ್ತಿಯೇನವ್ವ? ಹೆಸರು ಎಂಟೂ ಇರ್ಲಿ. ಇದ್ದದ್ದರ ಮುಂದ ಸಂಖ್ಯಾ ಬರ್ಲಿ. ಇಲ್ಲ ಅನ್ನೂದು, ಸೊನ್ನಿ ಅನ್ನೂದು ಮಾತ್ರ ಬರಬಾರದು." ಅವರ ಅಂಗಡಿಯಲ್ಲಿ ಸಕ್ಕರೆ ತೀರಿದರೆ ಆಳುಗಳು ಇಲ್ಲ ಅನ್ನುವುದಿಲ್ಲ, ನಾಳೆ ಬರ್ರಿ ಅನ್ನುತ್ತಾರೆ. ಮನೆಯಲ್ಲಿ ಜೋಳದ ಹಿಟ್ಟು ಮುಗಿದರೆ ದೊಡ್ಡವ್ವ ಕಸ್ತೂರೆಮ್ಮ ಹಿಟ್ಟು ಹೆಚ್ಚಾಗೈತಿ ಅನ್ನುತ್ತಾರೆ. ಭಾಗ್ಯಶ್ರೀಯೂ ತನ್ನ ಮನೆಯಲ್ಲಿ ಹಾಗೆಯೇ ಅನ್ನುತ್ತಾಳೆ. ದೊಡ್ಡಪ್ಪ ಹೇಳಿದ್ದು ಅವಳಿಗೆ ಆಗ ವಿಚಿತ್ರವಾಗಿ ಕಂಡಿರಲಿಲ್ಲ. ಆ ಸಂಜೆಯೇ ಈ ಸಾಲು ಬರೆದಿದ್ದಳು.

"ಇದು ನೀವ ಹೇಳಿದ್ದು ದೊಡ್ಡಪ್ಪ. ಸೊನ್ನಿ ಬ್ಯಾಡ ಅಂದಿದ್ರಿ."

"ಗೊತ್ತೈತಿ. ಈಗ ಬೇಕು ಅನ್ನಾಕತ್ತೀನಿ."

ಅವಳು ಹಳೆಯ ಫೈಲಿನ ಒಂದು ಪ್ರತಿ ಬೇರೆ ತೆಗೆದಿಟ್ಟಳು. ಅದು ಅವಳ ರೂಢಿ. ಆಮೇಲೆ ಸಾಲು ತಿದ್ದಿದಳು: ಫೀಲ್ಡಿನಲ್ಲಿ ಏನೇ ಬರೆದಿರಲಿ, ಸೊನ್ನೆಯಾದರೂ ಸರಿ, ತೋರಿಸು. ಪುಟ ಹೊಸದಾಗಿ ತೆರೆದಾಗ ಲಿಂಗಸುಗೂರಿನ ಸಾಲಿನಲ್ಲಿ ಬಿ ನೆಗೆಟಿವ್ 0, ಎ ನೆಗೆಟಿವ್ 0, ಎಬಿ ನೆಗೆಟಿವ್ 0, ಓ ನೆಗೆಟಿವ್ 0. ಸಿಂಧನೂರಿನ ಸಾಲಿನಲ್ಲಿ ಎ ನೆಗೆಟಿವ್ 2, ಬಿ ನೆಗೆಟಿವ್ 0.

"ಸಿಂಧನೂರಾಗ ಬಿ ನೆಗೆಟಿವ್ ಒಂದು ಇತ್ತಲ್ಲ. ದಢೇಸುಗೂರಿನ ಶಿಬಿರದಾಗ ಬಂದಿದ್ದು."

"ಅದು ಸೋಮವಾರ ಹೋತು" ಎಂದು ಆದೆಪ್ಪ ಈಗ ಕುರ್ಚಿಯಲ್ಲಿ ಕುಳಿತರು. ತಮ್ಮ ಫೋನಿನಲ್ಲಿ ಪುಟ ತೆಗೆದು ಬೆರಳಿನಿಂದ ಸೊನ್ನೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಫೋನು ಜೇಬಿಗೆ ಹಾಕಿಕೊಂಡರು. "ಪಾಮನಕಲ್ಲೂರಿನವರು ಬರ್ತಾರ. ಕೇಳಿದ್ರ, ಮದ್ಲಿಂದಾನೂ ಹಿಂಗ ಐತಿ ಅನ್ನು. ನಾನೂ ಫೋನಿನಾಗ ಹಂಗ ಹೇಳೀನಿ."

"ಯಾರವರು? ಯಾಕ ಬರ್ತಾರ?"

ಅವರು ಉತ್ತರ ಹೇಳುವ ಮೊದಲೇ ದಾವಲ್‌ಸಾಬ್ ಗ್ರೀಸು ಹತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ತಲೆ ಹಾಕಿದ. "ಅಕ್ಕಾರ, ನಿಮ್ಮನ್ನ ಕೇಳ್ಕೊಂಡು ಒಬ್ಬಾಂವ ಬಂದು ಅರ್ಧಾ ತಾಸಾತು. ನನ್ನ ಟೈರಿನ ಮ್ಯಾಲ ಕುಂತಾನ. ತೊಡಿ ಮ್ಯಾಲ ಒಂದು ಡಬ್ಬಿ, ಕೆಳಗ ಇಡ್ಲೇ ಅಂದ್ರ ಇಡವಲ್ಲ. ಐಸ್ ಐತೇನ್ರಿ ಅಂತಾನ. ಪಂಕ್ಚರ್ ಅಂಗಡ್ಯಾಗ ಐಸ್ ಎಲ್ಲಿಂದ ತರ್ಲಿ? ಒಳಗ ಹೋಗಪ್ಪ ಅಂದ್ರ, ನಮ್ಮಣ್ಣ ಬಸ್ಸಿನಾಗ ಬರಾಕತ್ಯಾನ, ಅವ ಬಂದ ಮ್ಯಾಲ ಹೋಗ್ತೀನಿ ಅಂತಾನ. ಈಗ ಬಂದ ನೋಡ್ರಿ ಅವನೂ."

ಇಬ್ಬರೂ ಒಳಗೆ ಬಂದರು. ಮುಂದಿದ್ದವನು ಬಾಲಪ್ಪ. ಮೂವತ್ತೈದು ದಾಟಿರಲಿಲ್ಲ. ಹೆಗಲ ಮೇಲೆ ಟವೆಲ್ಲು, ಗಡ್ಡ ಬಿಟ್ಟಿದ್ದ. ಹಿಂದೆ ಬಂದವನು ಅವನ ತಮ್ಮ ಬೀರಲಿಂಗ. ಕೈಯಲ್ಲಿ ಥರ್ಮೋಕೋಲಿನ ಡಬ್ಬಿ, ಅದಕ್ಕೆ ಸುತ್ತಿದ ಹಗ್ಗ ಕುರಿ ಕಟ್ಟುವುದು. ಒಂದೇ ಊರಿನಿಂದ ಒಂದೇ ಕೆಲಸಕ್ಕೆ ಬಂದಿದ್ದರೂ ಒಬ್ಬ ಬೈಕಿನಲ್ಲಿ, ಇನ್ನೊಬ್ಬ ಬಸ್ಸಿನಲ್ಲಿ ಬಂದಿದ್ದರು.

"ಸಾವ್ಕಾರ್ರ, ನಾ ಫೋನ್ ಮಾಡಿದ್ದೆನಲ್ರಿ. ಬಾಲಪ್ಪ" ಎಂದು ಬಾಲಪ್ಪ ಆದೆಪ್ಪನವರಿಗೆ ಕೈಮುಗಿದ. "ತ್ರಾಸ ಕೊಡಾಕ ಬಂದಿಲ್ರಿ. ಒಂದು ಮಾತು ಕೇಳಿ ಹೋಗ್ತೀನಿ. ಸೋಮವಾರ ನಿಮ್ಮ ಪುಟದಾಗ ಲಿಂಗಸುಗೂರಿನ ಮುಂದ ಸೊನ್ನಿ ಇತ್ತೋ ಇಲ್ಲೋ? ಇರಲಿಲ್ಲ ಅಂತಾನ ಇವ."

ತಮ್ಮನ ಹೆಸರನ್ನು ಅವನು ಹೇಳಲಿಲ್ಲ. ತಮ್ಮನ ಕಡೆ ನೋಡಲೂ ಇಲ್ಲ.

ಸೋಮವಾರ ನಡೆದದ್ದು ಇಷ್ಟು. ಬಾಲಪ್ಪನ ಹೆಂಡತಿ ಮಹಾಲಕ್ಷ್ಮಿಗೆ ಮಸ್ಕಿಯ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಮಗು ಆದ ಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಅವಳ ರಕ್ತದ ಮಾದರಿಯನ್ನೂ ಚೀಟಿಯನ್ನೂ ಬೀರಲಿಂಗನ ಕೈಗೆ ಕೊಟ್ಟು, ಬಿ ನೆಗೆಟಿವ್ ಎರಡು ಬಾಟಲಿ ಜಲ್ದಿ ತರಬೇಕು ಎಂದರು. ಮಸ್ಕಿಯಿಂದ ಒಂದು ಕಡೆ ಸಿಂಧನೂರು, ಅದಕ್ಕೆ ಎದುರು ದಿಕ್ಕಿನಲ್ಲಿ ಲಿಂಗಸುಗೂರು. ದೂರ ಹೆಚ್ಚೂಕಡಿಮೆ ಒಂದೇ. ಬೀರಲಿಂಗ ರಸ್ತೆಯ ಬದಿಗೆ ಬೈಕು ನಿಲ್ಲಿಸಿ ಸಮಿತಿಯ ಪುಟ ತೆರೆದ. ಸಿಂಧನೂರಿನ ಮುಂದೆ ಒಂದು ಎಂದಿತ್ತು. ಲಿಂಗಸುಗೂರಿನ ಮುಂದೆ ಏನೂ ಇರಲಿಲ್ಲ. ಲಿಂಗಸುಗೂರಿಗೆ ಫೋನ್ ಹಚ್ಚಿದ, ಬಿಜಿ ಬಂತು. ಹೊತ್ತು ಕಳೆಯಬಾರದೆಂದು ಗಾಡಿಯನ್ನು ಲಿಂಗಸುಗೂರಿನ ಕಡೆ ತಿರುಗಿಸಿದ. ಅಲ್ಲಿ ಇರಲಿಲ್ಲ. ವಾಪಸು ಮಸ್ಕಿಯ ಮೇಲೆ ಹಾದು ಸಿಂಧನೂರಿಗೆ ಬಂದು, ಇದ್ದ ಒಂದು ಬಾಟಲಿ ತೆಗೆದುಕೊಂಡು ಮಸ್ಕಿ ಮುಟ್ಟುವಾಗ ಸಂಜೆಯಾಗಿತ್ತು. ಮಹಾಲಕ್ಷ್ಮಿ ನಾಲ್ಕು ಗಂಟೆಗೇ ಹೋಗಿದ್ದಳು.

"ಊರಾಗ ಏನಂತಾರ ಗೊತ್ತೇನ್ರಿ?" ಎಂದ ಬಾಲಪ್ಪ. "ಲಿಂಗಸುಗೂರಾಗ ಇವನ ಗೆಳ್ಯಾರ ಅದಾರ. ಅವರ ಜೋಡಿ ಕುಡ್ಯಾಕ ಹೋಗಿದ್ದ, ಅದಕ್ಕ ಆ ಕಡೆ ಗಾಡಿ ತಿರುಗಿಸಿದ ಅಂತಾರ. ನಮ್ಮವ್ವ ಗಿರಿಯಮ್ಮ ಕೂಸಿನ ಮೈ ಮುಟ್ಟಾಕ ಇವಗ ಬಿಡವಲ್ಲಳು. ಮೂರು ದಿನಾತು, ಕುರಿದೊಡ್ಡ್ಯಾಗ ಮಲಗಾಕತ್ಯಾನ. ಸೊನ್ನಿ ಇತ್ತು ಅಂದ್ರ ನಾ ಇವನ್ನ ಮನಿಗೆ ಕರಕೊಳ್ಳಂಗಿಲ್ರಿ. ಹೊಲ ಪಾಲು ಮಾಡಿ ಕೊಟ್ಟುಬಿಡ್ತೀನಿ, ಎಲ್ಲೆರ ಹೋಗ್ಲಿ. ಇರಲಿಲ್ಲ ಅಂದ್ರ ಮಾತು ಬ್ಯಾರೆ."

"ಇರಲಿಲ್ಲಣ್ಣ" ಎಂದ ಬೀರಲಿಂಗ. ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಜೇಬಿನಿಂದ ಫೋನು ತೆಗೆದ. ಗಾಜು ಒಡೆದಿತ್ತು. "ನೀನ ನೋಡು. ಓ ಪಾಸಿಟಿವ್ ಮುಂದ ಸಂಖ್ಯಾ ಐತಿ, ಬಿ ನೆಗೆಟಿವ್ ಮುಂದ…"

ಅವನ ಮಾತು ನಿಂತಿತು. ಹೆಬ್ಬೆರಳಿನಿಂದ ಪುಟವನ್ನು ಕೆಳಗೆ ಎಳೆದ, ಮೇಲೆ ಎಳೆದ. ಬಾಲಪ್ಪ ಬಗ್ಗಿ ನೋಡಿದ. ಒಡೆದ ಗಾಜಿನ ಕೆಳಗೆ ಬಿ ನೆಗೆಟಿವ್ ಮುಂದೆ ಸೊನ್ನೆ ಇತ್ತು.

"ಇದು ಇರಲಿಲ್ಲ" ಎಂದ ಬೀರಲಿಂಗ. "ನಿನ್ನೆ ಸಂಜಿಗೂ ನೋಡೀನಿ. ಇರಲಿಲ್ಲ."

"ಮದ್ಲಿಂದಾನೂ ಐತಪ್ಪ" ಎಂದರು ಆದೆಪ್ಪ. ದನಿ ಏರಿಸಲಿಲ್ಲ. "ಗಡಿಬಿಡ್ಯಾಗ ನೋಡಿರತಿ. ಯಾರಿಗರ ಆಗತೈತಿ."

ಬಾಲಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ಆತ್ರಿ. ಇಷ್ಟ ಬೇಕಾಗಿತ್ತು."

ಭಾಗ್ಯಶ್ರೀಗೆ ಅಷ್ಟು ಹೊತ್ತಿಗೆ ಎಲ್ಲವೂ ತಿಳಿದಿತ್ತು. ಬೆಳಿಗ್ಗೆ ತಾನು ಸರಿಮಾಡಿದ್ದರಿಂದ ಇವನ ಮಾತು ಸುಳ್ಳಾಗಿದೆ. ಇನ್ನು ಮೇಲೆ ಯಾರು, ಯಾವ ಊರಿನಲ್ಲಿ ಈ ಪುಟ ತೆರೆದರೂ ಅದು ಇವನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

"ಇರಲಿಲ್ರಿ" ಎಂದಳು. "ಈಗ ಹತ್ತು ನಿಮಿಷದ ಹಿಂದ ನಾನ ಹಾಕೀನಿ. ಸೋಮವಾರ ಅಲ್ಲಿ ಏನೂ ಇರಲಿಲ್ಲ. ಎರಡು ವರ್ಷ ಆತು, ಸೊನ್ನಿ ಕಾಣಲಾರದಂಗ ನಾನ ಮಾಡಿಟ್ಟಿದ್ದೆ."

"ಭಾಗ್ಯಾ" ಎಂದರು ಆದೆಪ್ಪ.

"ಖರೆ ಹೇಳಾಕತ್ತೀನಿ ದೊಡ್ಡಪ್ಪ."

ಬಾಲಪ್ಪ ಅವಳನ್ನೂ ಆದೆಪ್ಪನವರನ್ನೂ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ತಂಗಿ, ಬಾಳಂತಿ ಸತ್ತ ಮನಿ, ಅಣ್ಣತಮ್ಮ ಮುರೀಬಾರದು ಅಂತ ಮರುಕಕ್ಕ ಅಂತೀಯವ್ವ. ದೊಡ್ಡವರು ಒಂದು ಹೇಳ್ತಾರ, ನೀ ಒಂದು ಹೇಳ್ತಿ. ನಾ ಯಾರದು ನಂಬ್ಲಿ?"

ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿ, ತೆಗೆದಿಟ್ಟಿದ್ದ ಹಳೆಯ ಪ್ರತಿಯನ್ನು ತೆರೆದು ತೋರಿಸಿದಳು. ನೋಡ್ರಿ, ಇದು ಹಳೇದು, ಇಲ್ಲಿ ಸೊನ್ನೆ ಬರುವುದಿಲ್ಲ. ಬಾಲಪ್ಪ ಅದನ್ನು ನೋಡಲಿಲ್ಲ. ಪರದೆಯ ಮೇಲೆ ಅದರ ಹಿಂದೆ ಕಾಣುತ್ತಿದ್ದ ಅರ್ಧ ಮುಗಿದ ಫ್ಲೆಕ್ಸನ್ನು ನೋಡುತ್ತಿದ್ದ. ಸತ್ತವರ ಕೊರಳಿಗೆ ಆಗಲೇ ಸುಗಂಧಿ ಹಾರ ಬಿದ್ದಿತ್ತು.

"ಆ ಹಾರ ಅವರು ಇದ್ದಾಗ ಹಾಕ್ಕೊಂಡಿದ್ರೇನು?"

"ಇಲ್ಲ. ನಾ ಹಾಕಿದ್ದು."

"ಮತ್ತ? ಈ ಕಂಪ್ಯೂಟರ್ ಡಬ್ಬಿ ಒಳಗ ನೀ ಏನು ಬೇಕಾದ್ರೂ ತೋರಸ್ತಿ. ಸತ್ತವರಿಗೆ ಹಾರ ಹಾಕ್ತಿ, ಇದ್ದ ಸೊನ್ನಿ ತೆಗೀತಿ." ತನ್ನ ಫೋನಿನಲ್ಲೂ ಪುಟ ತೆರೆದು ಮುಂದೆ ಚಾಚಿದ. "ನನ್ನ ಫೋನಿನಾಗ ತೋರಸು. ಇದು ನಿನ್ನ ಕೈಯಾಗಿಲ್ಲ. ಇದರಾಗ ಸೊನ್ನಿ ಇಲ್ಲದ್ದು ಕಂಡ್ರ ನಂಬ್ತೀನಿ."

ಅವನ ಫೋನಿನಲ್ಲಿ ಕಾಣಬೇಕೆಂದರೆ ಊರವರೆಲ್ಲ ನೋಡುವ ಪುಟವನ್ನೇ ಕೆಡಿಸಬೇಕಿತ್ತು. ಬೇರೆ ದಾರಿಯಿತ್ತು, ಇನ್ನೊಂದು ವಿಳಾಸದಲ್ಲಿ ಹಳೆಯದನ್ನು ಇಟ್ಟು ತೋರಿಸಬಹುದಿತ್ತು. ಆದರೆ ಬಾಲಪ್ಪ ಓದು ಬಲ್ಲವನು, ವಿಳಾಸ ಬೇರೆಯಾಗಿದ್ದರೆ ಅದನ್ನೂ ಡಬ್ಬಿಯ ಆಟ ಅನ್ನುವನು.

"ಬ್ಯಾಡವ್ವ" ಎಂದರು ಆದೆಪ್ಪ. ಅವರು ಎದ್ದು ನಿಂತಿದ್ದರು. "ನಾ ಸುಳ್ಳು ಹೇಳಿದೆ ಅಂತ ಆಗ್ಲಿ, ನನ್ನ ಬಾಯಿಲೆ ಹೇಳ್ತೀನಿ. ಬಾಲಪ್ಪ, ಸೊನ್ನಿ ಇರಲಿಲ್ಲಪ್ಪ. ಆತಿಲ್ಲೋ? ಆದ್ರ ಅದು ನಡಿಯೋ ಪುಟ. ಆ ಹೊತ್ತಿನಾಗ ಯಾರಾರ ನೋಡಿದ್ರ?"

"ಈಗ ಇರಲಿಲ್ಲ ಅಂತೀರಿ. ಆಗಳೆ ಇತ್ತು ಅಂದ್ರಿ" ಎಂದ ಬಾಲಪ್ಪ.

ಬೀರಲಿಂಗ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಡಬ್ಬಿಯ ಮೂಲೆಯಿಂದ ನೀರು ತೊಟ್ಟಿಕ್ಕಿ ಟೇಬಲ್ಲಿನ ಮೇಲಿದ್ದ ಕಾರ್ಡುಗಳ ಕಡೆ ಹರಿಯುತ್ತಿತ್ತು. ಭಾಗ್ಯಶ್ರೀ ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿದಳು.

ವೆಬ್‌ಸೈಟಿನ ಒಳಭಾಗದಲ್ಲಿ, ಆ ಕ್ಷಣಕ್ಕೆ ಪುಟವನ್ನು ಎಷ್ಟು ಮಂದಿ ನೋಡುತ್ತಿದ್ದಾರೆ ಎಂದು ತೋರಿಸುವ ಸಣ್ಣ ಚೌಕವೊಂದಿದೆ. ಅವಳು ಅದನ್ನು ನೋಡಿದಳು. ಎರಡು. ಎರಡೂ ಈ ಅಂಗಡಿಯೊಳಗಿನ ಫೋನುಗಳು, ಅಣ್ಣನದು ಮತ್ತು ತಮ್ಮನದು.

ಅವಳು ಹಳೆಯ ಫೈಲನ್ನು ಅದರ ಜಾಗಕ್ಕೆ ಹಾಕಿ ಕ್ಯಾಶ್ ಅಳಿಸಿದಳು. "ಈಗ ತೆಗೀರಿ."

ಬಾಲಪ್ಪನ ಫೋನಿನಲ್ಲಿ ಪುಟ ನಿಧಾನವಾಗಿ ತೆರೆಯಿತು. ಮೊದಲು ಸಮಿತಿಯ ಹೆಸರು, ಆಮೇಲೆ ಲಿಂಗದ ಚಿತ್ರ, ಆಮೇಲೆ ಸಾಲುಗಳು. ಅವನು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ. ಲಿಂಗಸುಗೂರು. ಓ ಪಾಸಿಟಿವ್ ಆರು. ಬಿ ಪಾಸಿಟಿವ್ ನಾಲ್ಕು. ಬಿ ನೆಗೆಟಿವ್. ಬೆರಳು ಅಲ್ಲೇ ನಿಂತಿತು. ಪುಟ ಮುಚ್ಚಿದ. ಮತ್ತೆ ತಾನೇ ವಿಳಾಸ ಒತ್ತಿ ತೆರೆದ. ಮತ್ತೆ ಓದಿದ. ಬಾಗಿಲಿಗೆ ಹೋಗಿ ಬಿಸಿಲಿನಲ್ಲಿ ಕೈ ಮರೆ ಮಾಡಿಕೊಂಡು ಇನ್ನೊಮ್ಮೆ ಓದಿದ.

"ಆತೇನ್ರಿ? ಹಾಕ್ತೀನಿ" ಎಂದಳು ಭಾಗ್ಯಶ್ರೀ.

"ತಡಿಯವ್ವ."

ಬಾಲಪ್ಪ ಒಳಗೆ ಬಂದು ತಮ್ಮನ ಎದುರು ನಿಂತ. ಮೂರು ದಿನಗಳಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಸಿಂಧನೂರಾಗ ಒಂದು ಅಂತ ಇತ್ತು. ಲಿಂಗಸುಗೂರಾಗ ಏನೂ ಇರಲಿಲ್ಲ. ಒಂದರ ಸಿಗತೈತಿ ಅಂತ ಈ ಕಡೆ ಬರೂದು ಬಿಟ್ಟು ಆ ಕಡೆ ಯಾಕ ಹೋದಿ?"

"ಎರಡು ಬೇಕು ಅಂದಿದ್ರಲ್ಲ ಡಾಕ್ಟರು. ಒಂದು ಅಂತ ಬರದಾರ ಅಂದ್ರ ಅಲ್ಲೆ ಒಂದ ಐತಿ." ಬೀರಲಿಂಗ ನೆಲ ನೋಡುತ್ತ ಹೇಳಿದ. "ಎಣಿಕಿ ಬರೀಲಾರದವರ ಕಡೆ ಬಾಳ ಇರತಾವ ಅಂದ್ಕೊಂಡೆ ಅಣ್ಣ. ನಾವು ಹೇಳ್ತೀವೇನು? ಯಾರಾರ ಬಂದು ಎಷ್ಟು ಕುರಿ ಅದಾವಲೇ ಅಂದ್ರ ನೀ ಏನಂತಿ? ಅದಾವು ತಗೋ ಅಂತಿ. ಹಿಂಡು ತುಂಬಿದ್ದಾಗ ಎಣಿಕಿ ಬಾಯಿಗೆ ತರಂಗಿಲ್ಲ. ರೋಗ ಬಿದ್ದು ನಾಕೋ ಐದೋ ಉಳಿದಾಗ ಹೇಳ್ತೀವಿ."

ಬಾಲಪ್ಪ ತಲೆಯಾಡಿಸಿದ. ಅವನೂ ಕುರಿ ಕಾಯ್ದು ಬೆಳೆದವನೇ.

ಭಾಗ್ಯಶ್ರೀ ಪರದೆಯ ಕಡೆ ತಿರುಗಿದಳು. ಚೌಕದಲ್ಲಿ ಮೂರು ಎಂದಿತ್ತು.

"ದೊಡ್ಡಪ್ಪ, ನಿಮ್ಮ ಫೋನಿನಾಗ ಪುಟ ತೆಗದೀರೇನು?"

"ಇಲ್ಲ. ಜೇಬಿನಾಗ ಐತಿ. ಯಾಕ?"

"ಮೂರನೇದವರು ಯಾರೋ ನೋಡಾಕತ್ಯಾರ" ಎಂದಳು. ಹೊಸ ಫೈಲನ್ನು ಹಾಕಿ, ಕ್ಯಾಶ್ ಅಳಿಸಿ, ಸೊನ್ನೆಗಳು ಬಂದವೆಂದು ಖಾತ್ರಿ ಮಾಡಿಕೊಂಡಳು. ಅಷ್ಟರಲ್ಲಿ ಚೌಕದಲ್ಲಿ ಮತ್ತೆ ಎರಡು ಎಂದಾಗಿತ್ತು. ಮೂರನೆಯವರು ನೋಡಿ ಮುಚ್ಚಿದ್ದರು. ಪಾಸಿಟಿವ್ ಗುಂಪಿನವರು ಈ ಪುಟ ನೋಡುವುದು ಅಪರೂಪ, ಅವರಿಗೆ ಮನೆಯವರಲ್ಲೇ ಯಾರದಾದರೂ ರಕ್ತ ಹೊಂದುತ್ತದೆ. ನೋಡಿದವರು ನೆಗೆಟಿವ್ ಹುಡುಕುತ್ತಿದ್ದವರೇ ಇರಬೇಕು. ಅವಳು ಲಿಂಗಸುಗೂರಿಗೆ ಫೋನ್ ಹಚ್ಚಿದಳು. ಬಿಜಿ ಬಂತು. ಮತ್ತೆ ಹಚ್ಚಿದಳು.

"ಇದನ್ನ ಏನು ಮಾಡ್ಲಿ?" ಎಂದು ಬೀರಲಿಂಗ ಡಬ್ಬಿಯನ್ನು ತೋರಿಸಿದ. "ಅವತ್ತು ಒಯ್ದಿದ್ದು. ಹಂಗ ಐತ್ರಿ, ತೆರದಿಲ್ಲ. ನಮ್ಮೂರ ಕೋಲ್ಡ್ರಿಂಕ್ಸ್ ಅಂಗಡಿ ಫ್ರಿಜ್ಜಿನಾಗ ಇಡಿಸಿದ್ದೆ. ಗಿರಾಕಿ ಅಂಜತಾರ, ಒಯ್ಯಿ ಅಂದ ಅವ. ಯಾರಿಗಾರ ಆಗ್ಲಿ ಅಂತ ತಂದೆ."

ಆದೆಪ್ಪ ಹಗ್ಗ ಸರಿಸಿ ಡಬ್ಬಿಯ ಮುಚ್ಚಳ ಎತ್ತಿ ನೋಡಿ ಮುಚ್ಚಿದರು. "ಒಮ್ಮೆ ಹೊರಗ ಹೋದದ್ದು ವಾಪಸ್ ತಗೊಳ್ಳಂಗಿಲ್ಲಪ್ಪ. ಕೆಟ್ಟಿರತೈತಿ. ಸುಡಬೇಕು ಅದನ್ನ."

"ಕೆಟ್ಟಿಲ್ರಿ. ಬಣ್ಣ ಹಂಗ ಐತಿ."

"ಬಣ್ಣದ ಮ್ಯಾಲ ಹೇಳಾಕ ಬರಂಗಿಲ್ಲಪ್ಪ."

ಬೀರಲಿಂಗ ಕೈಯನ್ನು ಡಬ್ಬಿಯ ಮೇಲಿಂದ ತೆಗೆಯಲಿಲ್ಲ. ಬಾಲಪ್ಪ ಹಗ್ಗವನ್ನು ಬಿಚ್ಚಿ ಸುರುಳಿ ಸುತ್ತಿ ತನ್ನ ಹೆಗಲಿಗೆ ಹಾಕಿಕೊಂಡ. "ಇಲ್ಲೇ ಇಡು. ಅವರು ನೋಡ್ಕೋತಾರ. ನಡಿ."

"ನೀ ಬಸ್ಸಿಗೆ ಹೋಗ್ತಿಯೇನು?"

"ಗಾಡಿ ತಂದಿಲ್ಲೇನು ನೀ? ಹಿಂದ ಕುಂದರತೀನಿ. ಅವ್ವಗ ನಾ ಹೇಳ್ತೀನಿ."

ಹೋಗುವಾಗ ಬಾಲಪ್ಪ ಭಾಗ್ಯಶ್ರೀಗೆ ಕೈಮುಗಿದ, ಆದೆಪ್ಪನವರಿಗೆ ಮುಗಿಯಲಿಲ್ಲ. ಬೈಕು ಮೊದಲ ಒದೆತಕ್ಕೆ ಹತ್ತಲಿಲ್ಲ. "ನಿಮ್ಮ ಗಾಡಿನೂ ಐಸ್ ಕೇಳಾಕತ್ತೈತೇನಪ್ಪ?" ಎಂದು ದಾವಲ್‌ಸಾಬ್ ಎದ್ದು ಬಂದು, ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿಕೊಟ್ಟ. ಬಾಲಪ್ಪ ಕಾಸು ತೆಗೆದರೆ, ಹೋಗ್ರಿ ಹೋಗ್ರಿ ಎಂದ. ಅಣ್ಣತಮ್ಮಂದಿರು ಮಸ್ಕಿ ರಸ್ತೆ ಹಿಡಿದರು.

ಆದೆಪ್ಪ ಇನ್ನೂ ಅಂಗಡಿಯಲ್ಲೇ ಇದ್ದರು. ನೀರು ಕೇಳಿ ಕುಡಿದರು. "ಬ್ಯಾಡ ಅಂದೆ ನಿನಗ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮೂರನೇದ್ದು ಯಾರದೋ ಏನೋ. ಸುಮ್ಮನ ನೋಡವರೂ ಇರತಾರ" ಎಂದರು. ಡಬ್ಬಿಯನ್ನು ಒಯ್ಯಲು ಕೇಂದ್ರದಿಂದ ಆಳು ಕಳಿಸುತ್ತೇನೆ ಎಂದು ಹೇಳಿ ಎದ್ದು ಹೋದರು.

ಭಾಗ್ಯಶ್ರೀ ಲಿಂಗಸುಗೂರಿಗೆ ಐದಾರು ಸಲ ಫೋನ್ ಮಾಡಿದಳು. ಸಿಗಲಿಲ್ಲ. ಒಂದೂಕಾಲಿಗೆ ಹುಸೇನ್‌ಬೀಯೇ ತಿರುಗಿ ಮಾಡಿದಳು.

"ಅಕ್ಕಾ, ನಿಮ್ಮ ಫೋನು ಬಂದಿದ್ವು. ಇಲ್ಲೆ ಒಬ್ಬಾಂವನ ಜೋಡಿ ಜಗಳ ನಡದಿತ್ತು, ಎತ್ತಾಕ ಆಗಲಿಲ್ಲ. ಹಟ್ಟಿಯಾಂವ, ಮೈನಿಂಗ್ ಕಂಪನಿ ಕ್ವಾರ್ಟರ್ಸಿನಾಂವ. ಶಿಫ್ಟ್ ಮುಗಿಸಿ ಡ್ರೆಸ್ಸಿನ ಮ್ಯಾಲ ಬಂದಿದ್ದ. ಎ ನೆಗೆಟಿವ್ ಕೊಡ್ರಿ ಅಂದ. ಇಲ್ಲಪ್ಪ ಅಂದ್ರ, ನಿಮ್ಮ ಪುಟದಾಗ ನೋಡಿ ಬಂದೀನಿ, ಹೆಸರು ಐತಿ, ಸೊನ್ನಿ ಇರಲಿಲ್ಲ ಅಂತ ನನ್ನ ಮ್ಯಾಲ ಬಂದ. ಎಲ್ಲಿ ತೋರಸು ಅಂತ ಅವನ ಫೋನಿನಾಗ ತೆಗಿಸಿದೆ. ಸೊನ್ನಿ ಢಾಳಾಗಿ ಐತಿ. ಬಾಯಿ ಬಂದ್ ಆತು ನೋಡ್ರಿ. ಕಣ್ಣು ನೆಟ್ಟಗಿಟ್ಟು ಓದಾಕ ಕಲಿ, ಸುಳ್ಳು ಹೇಳಿ ಮಂದಿಗೆ ಅಂಜಸಬ್ಯಾಡ ಅಂತ ನಾನೂ ನಾಕು ಮಾತು ಅಂದೆ."

"ಅವರು ಅಲ್ಲೇ ಅದಾರೇನು? ಫೋನ್ ಕೊಡ್ರಿ."

"ಹೋದ. ಸಿಂಧನೂರಾಗ ಎರಡು ಅದಾವ, ಅಲ್ಲಿಗೆ ಹೋಗು ಅಂದೆ. ಗಾಡಿ ಹತ್ತಿ ಹೊಂಟ."

"ಹುಸೇನ್‌ಬೀ, ಅವರು ಸುಳ್ಳು ಹೇಳಿಲ್ಲ."

"ಏನಂದ್ರಿ? ಕೇಳವಲ್ದು. ಲಾರಿ ಹೊಂಟೈತಿ."

ಭಾಗ್ಯಶ್ರೀ ಇನ್ನೊಮ್ಮೆ ಹೇಳಿದಳು. ಆ ಕಡೆಯಿಂದ ಹುಸೇನ್‌ಬೀ, ಅವನ ನಂಬರ್ ತಗೊಂಡಿಲ್ಲಕ್ಕ ಎಂದಳು.

ಆತ ಎರಡೂಕಾಲಿಗೆ ಸಿಂಧನೂರಿನ ಕೇಂದ್ರಕ್ಕೆ ಬಂದ. ಯಾರಿಗೆ ಎಂದು ಅಂಬಿಕಾ ಕೇಳಿದ್ದಕ್ಕೆ ಮಗಳಿಗೆ ಎಂದ. ಮಾದರಿ ಹೊಂದಿಸಿ ನೋಡುವವರೆಗೆ ಬೆಂಚಿನ ಮೇಲೆ ಕುಳಿತಿದ್ದ. ಪುಟದ ಬಗ್ಗೆ ಯಾರೊಂದಿಗೂ ಮಾತಾಡಲಿಲ್ಲ. ಮೂರೂಕಾಲಿಗೆ ಎರಡು ಬಾಟಲಿ ತೆಗೆದುಕೊಂಡು ಹೋದ. ಹಟ್ಟಿಯಿಂದ ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಅಂಬಿಕಾ ಫೋನು ತೆಗೆದು, ಎ ನೆಗೆಟಿವ್ ಫೀಲ್ಡಿನಲ್ಲಿದ್ದ ಎರಡನ್ನು ಅಳಿಸಿ ಸೊನ್ನೆ ಬರೆದಳು. ಪುಟದಲ್ಲಿ ಸೊನ್ನೆ ಕಾಣಿಸಿತು.